ಇನ್‌ಶಾ ಅಲ್ಲಾಹ್ ಎನ್ನುವ ಮೊದಲು



ನಿಮ್ಮ ಮಗಳ ಗುರಿ ಏನೆಂದು ಕೇಳಿದರೆ ನೀವು ತಡವರಿಸದೆ ಹೇಳುತ್ತೀರಿ. ಮಗನದೂ ನಿಮಗೆ ಗೊತ್ತು. ಮನೆಯ ಮೇಲಿನ ಅಂತಸ್ತು ಯಾವ ವರ್ಷ ಏಳಬೇಕು, ಕಿರಿಯವಳ ಮದುವೆಗೆ ಎಷ್ಟು ಪವನು ಕೂಡಿಸಬೇಕು, ಅದೂ ಬಾಯಿಪಾಠ. ಆದರೆ ನಿಮ್ಮ ಗುರಿ ಏನು? ನಮ್ಮ ಮದ್ರಸದ ತಾಯಂದಿರ ಸಭೆಯಲ್ಲಿ ನಾನು ಒಮ್ಮೆ ಹೀಗೆ ಕೇಳಿದಾಗ ಹೆಚ್ಚಿನವರು ಮುಖ ಮುಖ ನೋಡಿ ನಕ್ಕುಬಿಟ್ಟರು. "ನಮ್ಮದೇನು ಟೀಚರ್, ಇನ್ನು ಮಕ್ಕಳದ್ದೇ ನಮ್ಮದು" ಎಂದರು ಒಬ್ಬರು. ಅವರಿಗೆ ಆಗ ಮೂವತ್ತೆರಡು ವರ್ಷ.

ನಾನು ಅವರನ್ನು ದೂರುವುದಿಲ್ಲ. ಮೂವತ್ತೈದರವರೆಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಏಳನೇ ತರಗತಿ ಮುಗಿದ ಮೇಲೆ ನನ್ನನ್ನು ಹುಡುಗಿಯರ ಅರಬಿಕ್ ಕಾಲೇಜಿಗೆ ಸೇರಿಸಿದರು. ಆರು ವರ್ಷ ಅಲ್ಲಿ ಕಲಿತೆ. ಅರಬಿ ವ್ಯಾಕರಣ, ಹದೀಸ್, ಫಿಕ್‌ಹ್, ಎಲ್ಲವೂ ನನಗೆ ಇಷ್ಟವಾಗಿತ್ತು. 2000ದಲ್ಲಿ ಮದುವೆಯಾಯಿತು. ನನ್ನವರು ದಮ್ಮಾಮಿಗೆ ಹೋದರು. ನಾನು ಊರಿನ ಮದ್ರಸದಲ್ಲಿ ಮಕ್ಕಳಿಗೆ ಕಲಿಸತೊಡಗಿದೆ. 2016ರಲ್ಲಿ ಹಿರಿಯ ಮಗಳನ್ನು ಎಂಟನೇ ತರಗತಿಗೆ ಸೇರಿಸಲು ಹೋದಾಗ ಅರ್ಜಿಯಲ್ಲಿ 'ತಾಯಿಯ ವಿದ್ಯಾಭ್ಯಾಸ' ಎಂಬ ಸಾಲಿತ್ತು. ನಾನು ಮದ್ರಸದಲ್ಲಿ ಕಲಿತ ವರ್ಷಗಳನ್ನು ಬರೆದೆ. ಗುಮಾಸ್ತರು ಅದನ್ನು ಹೊಡೆದುಹಾಕಿ, 'ಇಲ್ಲ' ಎಂದು ಬರೆದು, ಸಹಿಗಾಗಿ ಹಿಂದಕ್ಕೆ ಕೊಟ್ಟರು. ಕೆಟ್ಟ ಮನುಷ್ಯರೇನಲ್ಲ, ಅವರ ರಿಜಿಸ್ಟರಿನಲ್ಲಿ ಅದಕ್ಕೆ ಜಾಗವಿರಲಿಲ್ಲ ಅಷ್ಟೆ. ನಾನು ಸಹಿ ಹಾಕಿದೆ. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾರು ಯಾರು ನನ್ನ ಓದನ್ನು ತಡೆದರು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ಉಪ್ಪ, ಅಣ್ಣ, ಅತ್ತೆ, ಗಂಡ. ಹದಿನಾರು ವರ್ಷಗಳಿಂದ ಈ ಪಟ್ಟಿ ನನ್ನೊಳಗೆ ಇತ್ತು, ಅದನ್ನು ಸಾಕಿಕೊಂಡು ಬಂದಿದ್ದೆ. ಎರಡು ದಿನ ಬಿಟ್ಟು ಅಡುಗೆಮನೆಯಲ್ಲಿ ಮೀನು ತೊಳೆಯುತ್ತಾ ಅತ್ತೆಯ ಹತ್ತಿರ, "ನೀವು ಬಿಟ್ಟಿದ್ದರೆ ನಾನೂ ಎಸ್ಸೆಸ್ಸೆಲ್ಸಿ ಮಾಡುತ್ತಿದ್ದೆ" ಎಂದುಬಿಟ್ಟೆ. ಅವರು ಕೈ ನಿಲ್ಲಿಸಿ, "ನೀನು ಕೇಳಿದ್ದು ಯಾವಾಗ?" ಎಂದರು.

ಸಹೋದರಿಯರೇ, ನಾನು ಕೇಳಿಯೇ ಇರಲಿಲ್ಲ! ಉಪ್ಪನಲ್ಲಿ ಕೇಳಲಿಲ್ಲ, ಗಂಡನಲ್ಲೂ ಕೇಳಲಿಲ್ಲ. ಬೇಡ ಎನ್ನುತ್ತಾರೆಂದು ನಾನೇ ತೀರ್ಮಾನಿಸಿ, ಅವರ ಪರವಾಗಿ ನನಗೆ ನಾನೇ ಬೇಡ ಎಂದಿದ್ದೆ.

ಕೇಳಿದ ಕೂಡಲೇ ಬಾಗಿಲು ತೆರೆಯಿತು ಎಂದು ಮಾತ್ರ ತಿಳಿಯಬೇಡಿ. ಫೋನಿನಲ್ಲಿ ನನ್ನವರು, "ಈ ವಯಸ್ಸಿನಲ್ಲಿ ಓದಿ ಏನು ಮಾಡುವುದು?" ಎಂದರು. ಮರುದಿನ, ಪರೀಕ್ಷೆಗೆ ಪೇಟೆಗೆ ಹೋಗಬೇಕಲ್ಲ, ಮಕ್ಕಳನ್ನು ಯಾರು ನೋಡುವುದು ಎಂದರು. ಮೂರನೆಯ ದಿನ ಖರ್ಚಿನ ಮಾತು. ನಾನು ಅತ್ತು ಫೋನಿಡಲಿಲ್ಲ. ಅದೊಂದು ಬುದ್ಧಿ ಅಲ್ಲಾಹನು ಆಗ ಕೊಟ್ಟ. ಪೇಟೆಗೆ ಅಣ್ಣ ಜೊತೆಗೆ ಬರುತ್ತಾರೆ, ಮಕ್ಕಳನ್ನು ಅತ್ತೆ ನೋಡಿಕೊಳ್ಳುತ್ತಾರೆ, ಫೀಸು ನನ್ನ ಮದ್ರಸದ ಸಂಬಳದಿಂದ ಎಂದು ಒಂದೊಂದಕ್ಕೂ ವ್ಯವಸ್ಥೆ ಮಾಡಿಕೊಂಡು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್‌ಶಾ ಅಲ್ಲಾಹ್, ನೋಡೋಣ" ಎಂದರು.

ಈ 'ಇನ್‌ಶಾ ಅಲ್ಲಾಹ್, ನೋಡೋಣ' ನಮ್ಮ ಮನೆಗಳಲ್ಲಿ ಏನೆಂದು ನಿಮಗೂ ಗೊತ್ತು. ಆಗುವುದಿಲ್ಲ ಎಂಬುದನ್ನು ಮರ್ಯಾದೆಯಿಂದ ಹೇಳುವ ರೀತಿ. ನಾವು ಹೆಂಗಸರೂ ನಮಗೆ ನಾವೇ ಹಾಗೆ ಹೇಳಿಕೊಳ್ಳುತ್ತೇವೆ. ಹೊಲಿಗೆ ಕಲಿಯಬೇಕು, ಇನ್‌ಶಾ ಅಲ್ಲಾಹ್. ಸಕ್ಕರೆ ಕಾಯಿಲೆ ಇದೆಯೋ ಎಂದು ರಕ್ತ ಪರೀಕ್ಷೆ ಮಾಡಿಸಬೇಕು, ಇನ್‌ಶಾ ಅಲ್ಲಾಹ್. ಅಲ್ಲಿಗೆ ಆ ಮಾತು ಮುಗಿಯಿತು.

ಅದೇ ವಾರ ಮದ್ರಸದಲ್ಲಿ ಅಲ್‌ಕಹ್ಫ್ ಅಧ್ಯಾಯದ 23 ಮತ್ತು 24ನೇ ಸೂಕ್ತಗಳನ್ನು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಎಷ್ಟೋ ವರ್ಷಗಳಿಂದ ಮಾಡಿದ ಪಾಠವೇ. ನಾಳೆ ಇದನ್ನು ಮಾಡುತ್ತೇನೆ ಎನ್ನುವಾಗ ಅಲ್ಲಾಹನು ಇಚ್ಛಿಸಿದರೆ ಎಂಬುದನ್ನು ಸೇರಿಸದೆ ಹೇಳಬಾರದು ಎಂಬ ಶಿಕ್ಷಣ ಅಲ್ಲಿದೆ. ಅಂದು ಮೊದಲ ಬಾರಿಗೆ ನನಗೆ ಹೊಳೆದದ್ದು ಇದು: ಅಲ್ಲಿ 'ನಾಳೆ' ಇದೆ, 'ಇದನ್ನು' ಇದೆ, 'ಮಾಡುತ್ತೇನೆ' ಇದೆ. ಕೆಲಸ ಇಂಥದ್ದು ಎಂದು ಗೊತ್ತು, ದಿನ ಗೊತ್ತು, ಮಾಡುವವರು ಯಾರೆಂದೂ ಗೊತ್ತು. ಇಷ್ಟಾದ ಮೇಲೆ ಇನ್‌ಶಾ ಅಲ್ಲಾಹ್. ನಾವೋ ಮೊದಲ ಮೂರನ್ನೂ ಬಿಟ್ಟು ಕೊನೆಯದನ್ನು ಮಾತ್ರ ಹೇಳುತ್ತಿದ್ದೇವೆ.

ಹಿಜ್ರಾದ ಘಟನೆಯನ್ನೇ ನೋಡಿ. ಅಲ್ಲಾಹನ ಮೇಲೆ ಪ್ರವಾದಿ(ಸ)ಯವರಿಗಿದ್ದ ಭರವಸೆ ಯಾರಿಗಿದ್ದೀತು? ಆದರೂ 622ರ ಆ ಪ್ರಯಾಣದಲ್ಲಿ ಉತ್ತರಕ್ಕಿರುವ ಮದೀನಾಕ್ಕೆ ಹೊರಟವರು ಮೊದಲು ದಕ್ಷಿಣಕ್ಕೆ, ಸೌರ್ ಗುಹೆಗೆ ಹೋದರು. ಮೂರು ರಾತ್ರಿ ಅಲ್ಲಿದ್ದರು. ದಾರಿ ಬಲ್ಲವನೆಂದು ಮುಸ್ಲಿಮನಲ್ಲದ ಅಬ್ದುಲ್ಲಾ ಬಿನ್ ಉರೈಖಿತ್‌ನನ್ನು ಕೂಲಿಗೆ ಗೊತ್ತುಮಾಡಿದ್ದರು. ಹೆಜ್ಜೆಗುರುತು ಅಳಿಸಲು ಆಡಿನ ಮಂದೆ ಅದೇ ದಾರಿಯಲ್ಲಿ ಬರುತ್ತಿತ್ತು. ಆಹಾರದ ಗಂಟನ್ನು ತನ್ನ ನಡುಪಟ್ಟಿ ಸೀಳಿ ಕಟ್ಟಿದವರು ಅಬೂಬಕರ್(ರ)ರ ಮಗಳು ಅಸ್ಮಾ(ರ). ಆಗ ಅವರು ಗರ್ಭಿಣಿ. ಭರವಸೆ ಮತ್ತು ಯೋಜನೆ ಒಂದಕ್ಕೊಂದು ವಿರೋಧವೆಂದು ನಮಗೆ ಯಾರು ಕಲಿಸಿದರೋ!

ನಾನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದೆ: 2018ರ ಎಸ್ಸೆಸ್ಸೆಲ್ಸಿ, ಖಾಸಗಿ ಅಭ್ಯರ್ಥಿಯಾಗಿ. ಅದರ ಕೆಳಗೆ: ಸುಬುಹಿ ನಮಾಝಿನ ನಂತರ ಮುಕ್ಕಾಲು ಗಂಟೆ. ಅಷ್ಟೇ. ಹಗಲಿನಲ್ಲಿ ಸಿಗುವ ಬಿಡುವನ್ನು ನಂಬಬೇಡಿ, ಅದಕ್ಕೆ ಮನೆಯಲ್ಲಿ ಎಲ್ಲರೂ ಹಕ್ಕುದಾರರು. ವಾರಕ್ಕೆ ಆರು ದಿನ ಮುಕ್ಕಾಲು ಗಂಟೆಯೆಂದರೆ ನಾಲ್ಕೂವರೆ ಗಂಟೆ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಗಂಟೆಗಳಾಗುತ್ತವೆ.

ಗಣಿತದಲ್ಲಿ ಫೇಲಾದೆ. ಫಲಿತಾಂಶದ ದಿನ ಮಗಳು ನನ್ನನ್ನು ನೋಡಿ ನಗಲೋ ಬೇಡವೋ ಎಂದು ನಿಂತಿದ್ದಳು. ಆ ಜೂನ್‌ನ ಪೂರಕ ಪರೀಕ್ಷೆಗೆ ಅವಳೇ ನನಗೆ ಬೀಜಗಣಿತ ಹೇಳಿಕೊಟ್ಟಳು. ಪಾಸಾಯಿತು. 2020ರಲ್ಲಿ ಪಿಯುಸಿ. ಮಾರ್ಚ್ 23ಕ್ಕೆ ಇಂಗ್ಲಿಷ್ ಒಂದೇ ಬಾಕಿ ಇದ್ದಾಗ ಕೊರೋನಾ ಬಂತು. ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 18ಕ್ಕೆ ನಡೆಯಿತು. ಎಲ್ಲರೂ ಶಾಪ ಹಾಕಿದರು, ನನಗೆ ಮಾತ್ರ ಆ ಮೂರು ತಿಂಗಳು ಅನುಗ್ರಹವಾಯಿತು. ಮಾರ್ಚ್‌ನಲ್ಲೇ ಬರೆದಿದ್ದರೆ ಇಂಗ್ಲಿಷ್ ದಾಟುತ್ತಿದ್ದೆನೋ ಇಲ್ಲವೋ. ಆಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿಎ. ಇತಿಹಾಸದ ಒಂದು ಪತ್ರಿಕೆ ಎರಡು ಸಲ ಬರೆಯಬೇಕಾಯಿತು. 2024ರಲ್ಲಿ ಮುಗಿಯಿತು, ಅಲ್‌ಹಮ್ದುಲಿಲ್ಲಾಹ್.

ವಯಸ್ಸಾಯಿತು ಎನ್ನುವವರಿಗೆ ಒಂದು ಮಾತು. ಸಾರಾ ಅಬೂಬಕ್ಕರ್ ಅವರ ವಿಚಾರಗಳ ಬಗ್ಗೆ ನಮ್ಮಲ್ಲಿ ಹಲವರಿಗೆ ತಕರಾರಿದೆ, ಇರಲಿ. ಆದರೆ ಅವರು ಬರೆಯಲು ತೊಡಗಿದ್ದು ಮಕ್ಕಳು ಬೆಳೆದು, ನಲವತ್ತು ದಾಟಿದ ಮೇಲೆ ಎಂಬುದು ನೆನಪಿರಲಿ.

ಎಲ್ಲರೂ ಬಿಎ ಮಾಡಬೇಕೆಂದು ನಾನು ಹೇಳುತ್ತಿಲ್ಲ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ನೆರೆಮನೆಯ ತಾಯಿಯೊಬ್ಬರ ಹೆಸರಲ್ಲಿ ಖಾತೆಯಾಯಿತು. ತಿಂಗಳಿಗೆ 2,000 ರೂಪಾಯಿ. ಎಟಿಎಂ ಕಾರ್ಡ್ ಮಗನ ಕಿಸೆಯಲ್ಲಿ. ಹಣ ಬಂತೋ ಇಲ್ಲವೋ ಎಂದು ಅವರಿಗೆ ಗೊತ್ತಾಗುತ್ತಿದ್ದುದು ಅವನು ಹೇಳಿದರೆ ಮಾತ್ರ. ಮಗ ಒಳ್ಳೆಯವನೇ. ಆದರೂ ಅವರು ಒಂದು ದಿನ ನನ್ನ ಹತ್ತಿರ ಬಂದು, "ನನಗೆ ಪಾಸ್‌ಬುಕ್ ಓದಲು ಕಲಿಸಿಕೊಡು ಮಗಳೇ" ಎಂದರು. ಅಂಕಿಗಳನ್ನು ಗುರುತಿಸಲು ಎರಡು ತಿಂಗಳು ಹಿಡಿಯಿತು. ಈಗ ಅವರೇ ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಾರೆ. ಅದೂ ಗುರಿಯೇ, ನನ್ನ ಬಿಎಗಿಂತ ಒಂದಿಷ್ಟೂ ಕಡಿಮೆಯದ್ದಲ್ಲ.

ಕೇಳಿದರೂ, ವ್ಯವಸ್ಥೆ ಮಾಡಿಕೊಟ್ಟರೂ ಬೇಡ ಎನ್ನುವ ಮನೆಗಳಿವೆ. ಅಂಥ ಮನೆಯಿಂದ ಬಂದ ವಿದ್ಯಾರ್ಥಿನಿಯರು ನನ್ನಲ್ಲಿದ್ದಾರೆ. ಅವರ ಮುಂದೆ ನನ್ನ ಕಥೆ ಹೇಳಲು ನನಗೆ ಸಂಕೋಚ. ಅವರಿಗೆ ನಾನು ಹೇಳುವುದು, ಒಬ್ಬರನ್ನು ನಿಮ್ಮ ಪಕ್ಷಕ್ಕೆ ತನ್ನಿ, ಅಜ್ಜಿಯಾದರೂ ಸರಿ, ಮಾವನಾದರೂ ಸರಿ, ಮತ್ತೆ ಕೇಳಿ ಎಂದು. ನನಗೆ ಅತ್ತೆ ಸಿಕ್ಕಿದರು. ಪರೀಕ್ಷೆಯ ದಿನಗಳಲ್ಲಿ ಅವರು ನನ್ನನ್ನು ಒಲೆಯ ಹತ್ತಿರ ಬರಲು ಬಿಡುತ್ತಿರಲಿಲ್ಲ.

ಪದವಿಯ ಪ್ರಮಾಣಪತ್ರ ಬಂದಾಗ ಉಮ್ಮನಿಗೆ ತೋರಿಸಲು ತವರಿಗೆ ಹೋದೆ. ಉಮ್ಮನಿಗೆ ಓದಲು ಬಾರದು. ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ದಿನಕ್ಕೆ ಸಾವಿರ, ಅಂದರೆ ಇಪ್ಪತ್ತೈದರ ನಲವತ್ತು ಕಟ್ಟು. ಸುಬುಹಿಗೆ ಮೊದಲೇ ಚಿಮಿಣಿ ದೀಪದಲ್ಲಿ ಎಲೆ ಕತ್ತರಿಸಲು ಕೂರುತ್ತಿದ್ದರು. ಬ್ರಾಂಚಿಗೆ ಹೊರಡುವ ಮೊದಲು ಎಷ್ಟಾಯಿತು, ಎಷ್ಟು ಬಾಕಿ ಎಂದು ಬೆರಳಲ್ಲೇ ಲೆಕ್ಕ. ನನ್ನ ಅರಬಿಕ್ ಕಾಲೇಜಿನ ಖರ್ಚು ಬಂದದ್ದು ಆ ಕಟ್ಟುಗಳಿಂದ.

ಉಮ್ಮ ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, "ಇದಕ್ಕೆ ಎಷ್ಟು ವರ್ಷ ಹಿಡಿಯಿತು?" ಎಂದು ಕೇಳಿದರು.

"ಎಂಟು ವರ್ಷ ಉಮ್ಮ."

"ಎಂಟು ವರ್ಷದಲ್ಲಿ ನಾನು ಎಷ್ಟು ಬೀಡಿ ಕಟ್ಟುತ್ತಿದ್ದೆ, ಲೆಕ್ಕ ಹಾಕು."

ವರ್ಷಕ್ಕೆ ಮುನ್ನೂರು ದಿನ ಎಂದು ಹಿಡಿದು ಮೊಬೈಲಿನಲ್ಲಿ ಗುಣಿಸಿದೆ. ಇಪ್ಪತ್ನಾಲ್ಕು ಲಕ್ಷ.

"ಅಷ್ಟೊಂದಾ!" ಎಂದು ಉಮ್ಮ ನಕ್ಕರು. ಆಮೇಲೆ ಹಾಳೆಯನ್ನು ನನ್ನ ಕೈಗೆ ಕೊಡುತ್ತಾ, "ನಾಳೆ ಸುಬುಹಿ ಆದ ಮೇಲೆ ಇನ್ನೇನು ಮಾಡುತ್ತೀ?" ಎಂದರು. ಬಿಎಡ್‌ಗೆ ಅರ್ಜಿ ಹಾಕುವ ವಿಚಾರ ಮನೆಯಲ್ಲಿ ಆಗ ಯಾರಿಗೂ ಹೇಳಿರಲಿಲ್ಲ. ಮೊದಲು ಉಮ್ಮನಿಗೇ ಹೇಳಿದೆ.