ಪೇಪರ್ ಓದುವವರ ಪರವಾಗಿ

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಕೇಂದ್ರ ಗ್ರಂಥಾಲಯದ ಮಾತೆತ್ತಿದರೆ ಓದಿದವರೇ ಮೂಗು ಮುರಿಯುವುದುಂಟು: ಅಲ್ಲಿಗೆ ಹೋಗುವವರೆಲ್ಲ ಪುಕ್ಕಟೆ ಪೇಪರ್ ಓದುವವರು, ಫ್ಯಾನಿನ ಕೆಳಗೆ ತೂಕಡಿಸುವವರು ಎಂದು. ಇವತ್ತು ಎಷ್ಟು ಘನವಾದ ಓದು ನಡೆಯಿತೋ ಅಷ್ಟೇ ಗ್ರಂಥಾಲಯದ ಬೆಲೆ ಎಂಬುದು ಇವರ ಲೆಕ್ಕ. ಆ ಲೆಕ್ಕವನ್ನು ಹುಸಿ ಮಾಡಿದ ಊರಿನಲ್ಲೇ ನಿಂತು ಹೀಗೆನ್ನುವುದು ಸೋಜಿಗ.

1891ರಲ್ಲಿ ಇಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದೇ. ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಗರಿ ಕಟ್ಟೊಂದನ್ನು ಅಲ್ಲಿಗೆ ಕೊಟ್ಟರು. 1905ರಲ್ಲಿ ಗ್ರಂಥಪಾಲಕ, ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರೆ ಕೌಟಿಲ್ಯನ ಅರ್ಥಶಾಸ್ತ್ರ! ಬೇರೆಯವರು ಉದ್ಧರಿಸಿದ ಚೂರುಪಾರು ಬಿಟ್ಟರೆ ಕಳೆದೇ ಹೋಯಿತೆಂದು ವಿದ್ವಾಂಸರು ಆಸೆ ಬಿಟ್ಟಿದ್ದ ಕೃತಿ. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಯಿತು. ಹಳೆಯ ಭಾರತಕ್ಕೆ ಮೋಕ್ಷ ಗೊತ್ತು, ಆಡಳಿತ ಗೊತ್ತಿಲ್ಲ ಎನ್ನುತ್ತಿದ್ದವರು ಸುಂಕ, ತೂಕ-ಅಳತೆ, ಗೂಢಚಾರರ ವಿವರಗಳನ್ನೆಲ್ಲ ಓದಬೇಕಾಯಿತು. ಅಧಿಕಾರಿಗಳು ಬೊಕ್ಕಸದ ಹಣ ನುಂಗುವ ನಲವತ್ತು ಬಗೆಗಳೂ ಅದರಲ್ಲಿವೆ. ನಮ್ಮ ಕಾಲಕ್ಕೆ ಪಟ್ಟಿ ಸ್ವಲ್ಪ ಚಿಕ್ಕದಾಯಿತು, ಅಷ್ಟೆ.

ಶಾಸ್ತ್ರಿಗಳೆಲ್ಲಿ, ಪೇಪರ್ ಓದುವವರೆಲ್ಲಿ ಎಂದು ಕೇಳಬಹುದು. ಕೇಳಬೇಕಾದ್ದೇ; ತೂಕಡಿಸುವವರೆಲ್ಲ ಕೌಟಿಲ್ಯನ ಧ್ಯಾನದಲ್ಲಿದ್ದಾರೆಂದು ಯಾರೂ ವಾದಿಸಲಾರರು. ಆದರೆ ಶಾಸ್ತ್ರಿಗಳ ಪಾಂಡಿತ್ಯಕ್ಕೆ ಕೆಲಸ ಸಿಕ್ಕಿದ್ದೇ, ಬೆಲೆ ತಿಳಿಯುವ ಮೊದಲೇ ಆ ಕಟ್ಟಿಗೊಂದು ಜಾಗ ಸಿಕ್ಕಿದ್ದರಿಂದ. ಬಂದವರ ಯೋಗ್ಯತೆ ವಿಚಾರಿಸದೆ ಕುರ್ಚಿ ಕೊಡುವ ವಾಚನಾಲಯದ್ದೂ ಇದೇ ಧರ್ಮ. ಎಲ್ಲ ಫೋನಿನಲ್ಲೇ ಇದೆಯಲ್ಲ ಎಂದರೆ, ಇದೆ. ಅದು ಕೇಳಿದ್ದನ್ನು ಕೊಡುತ್ತದೆ, ಇಲ್ಲವೇ ನಿನ್ನೆ ನೋಡಿದಂಥದ್ದನ್ನೇ ಮತ್ತೆ ಬಡಿಸುತ್ತದೆ. ಕೇಳಲು ತಿಳಿಯದೇ ಇದ್ದದ್ದು ಕಣ್ಣಿಗೆ ಬೀಳಬೇಕಾದರೆ ಹುಡುಕಿದ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿರಬೇಕು. ಕೊನೆಗೆ ಉಳಿಯುವುದು ತೆರಿಗೆ ಹಣ ದಂಡ ಎಂಬ ಗೊಣಗಾಟ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಸೆಸ್ ಬೀಳುತ್ತದೆ. ಅದನ್ನು ಕಟ್ಟಿಯೂ ಒಳಗೆ ಕಾಲಿಡದವರು ಅಲ್ಲಿ ಕೂತವರನ್ನು ಹಂಗಿಸುವುದು, ಊಟದ ಕೂಪನ್ ಕೊಂಡು ಉಪವಾಸವಿದ್ದವನು ಪಂಕ್ತಿಯಲ್ಲಿ ಕೂತವನನ್ನು ಹೊಟ್ಟೆಬಾಕ ಎಂದ ಹಾಗೆ. ಗೊಣಗಲೇಬೇಕೆಂದಿದ್ದರೆ ಬೇರೆ ಕಾರಣವಿದೆ: ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಸೆಸ್ ಗ್ರಂಥಾಲಯಗಳಿಗೆ ಪೂರ್ತಿ ಸಲ್ಲದೆ ಬಾಕಿ ಬೀಳುವುದು ನಮ್ಮ ರಾಜ್ಯದ ಹಳೆಯ ದೂರು. ಕೌಟಿಲ್ಯ ಅದನ್ನು ನಲವತ್ತರಲ್ಲಿ ಎಷ್ಟನೆಯದಕ್ಕೆ ಸೇರಿಸುತ್ತಿದ್ದನೋ, ಪುಸ್ತಕ ತೆಗೆದು ನೋಡಬಹುದು.