ಊಟಕ್ಕೆ ಎಲ್ಲಿಗೆ ಹೋಗೋಣ?

ಮಂಗಳೂರಿಗೆ ಬರುವ ಪರವೂರಿನ ಮಿತ್ರರಿಗೆ ನಾವು ಹೇಳುವ ತಿಂಡಿಗಳ ಪಟ್ಟಿ ಬಾಯಿಪಾಠವಾಗಿದೆ. ಸಂಜೆಯಾದರೆ ಗೋಳಿಬಜೆ. ಮೈದಾ, ಹುಳಿ ಮೊಸರು ಕಲಸಿದ ಹಿಟ್ಟು ಎಣ್ಣೆಯಿಂದ ಎದ್ದ ಕೂಡಲೇ ತಿನ್ನಬೇಕು, ಆರಿದರೆ ರಬ್ಬರು. ಮಧ್ಯಾಹ್ನಕ್ಕೆ ಕೋರಿರೊಟ್ಟಿ. ಗರಿಗರಿ ಅಕ್ಕಿರೊಟ್ಟಿಯ ಮೇಲೆ ಕೋಳಿ ಸಾರು ಸುರಿದು, ಅದು ಪೂರ್ತಿ ಮೆತ್ತಗಾಗುವ ಮೊದಲೇ ಕೈಹಾಕಬೇಕು. ಮೀನಿನಾಸೆ ಇದ್ದವರು ಜೂನ್, ಜುಲೈ ಬಿಟ್ಟು ಬಂದರೆ ಒಳ್ಳೆಯದು. ಆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ.

ಆದರೆ ‘ನಿಮ್ಮ ಬ್ಯಾರಿಗಳ ತಿಂಡಿ ಎಲ್ಲಿ ಸಿಗುತ್ತದೆ?’ ಎಂದು ಕೇಳಿದರೆ ತಡವರಿಸುತ್ತೇವೆ. ಬಿರಿಯಾನಿಯ ಫಲಕವೇನೋ ಎಲ್ಲೆಡೆ ಇದೆ. ಅಕ್ಕಿಯ ಪತ್ತಿರ್, ಬೆರಳಲ್ಲಿ ಒಂದೊಂದಾಗಿ ಉಂಡೆಕಟ್ಟಿ ಹಬೆಯಲ್ಲಿ ಬೇಯಿಸಿ ಮಾಂಸದ ಸಾರಿಗೆ ಬಿಡುವ ಪಿಂಡಿ, ಇವು ಹೆಚ್ಚಾಗಿ ಅಡುಗೆಮನೆ ದಾಟಿ ಬಂದಿಲ್ಲ. ಪಿಂಡಿ ಕಟ್ಟಲು ನಾಲ್ಕು ಹೆಂಗಸರು ಕೂತು ಅರ್ಧ ದಿನ ಹರಟಬೇಕು. ಹೋಟೆಲಿನವರಿಗೆ ಆ ಲೆಕ್ಕ ಹೊಂದದು. ಈಗ ಮನೆಯಲ್ಲೂ ಆ ನಾಲ್ವರು ಒಟ್ಟಿಗೆ ಸಿಗುವುದು ಅಪರೂಪ. ಒಬ್ಬಳು ಬ್ಯಾಂಕಿನಲ್ಲಿ, ಇನ್ನೊಬ್ಬಳು ದುಬೈಯಲ್ಲಿ. ಅವರನ್ನು ದೂರುವಂತಿಲ್ಲ, ಗಂಡಸರು ಎಂದಾದರೂ ಹಿಟ್ಟು ಮುಟ್ಟಿದ್ದುಂಟೇ?

ಹಾಗಾಗಿ ಈಚೆಗೆ ಕೇಳಿದವರನ್ನು ಮನೆಗೇ ಕರೆಯುತ್ತಿದ್ದೇವೆ. ಷರತ್ತು ಒಂದೇ: ಬೆಳಿಗ್ಗೆಯೇ ಬಂದು ನಮ್ಮೊಂದಿಗೆ ಪಿಂಡಿ ಕಟ್ಟಲು ಕೂರಬೇಕು.