ದೂರವೂ ಮುಂದೆಯೂ

ಹೆಚ್ಚಿನ ದೂರವನ್ನು ಹೇಳಲು ಇಂಗ್ಲಿಷಿನಲ್ಲಿ ‘ಫಾರ್ದರ್’ ಮತ್ತು ‘ಫರ್ದರ್’ ಎಂಬ ಎರಡು ಪದಗಳಿವೆ. ಕಿವಿಗೆ ಅವುಗಳ ನಡುವೆ ಒಂದು ಸ್ವರದಷ್ಟೇ ಅಂತರ. ಇಂಗ್ಲಿಷ್ ಎಂ.ಎ. ಓದುವಾಗ ನಾವು ಕಲಿತ ಸೂತ್ರ ಸರಳವಾಗಿತ್ತು: ನೆಲದ ಮೇಲೆ ಅಳೆಯಬಹುದಾದ ದೂರಕ್ಕೆ ಫಾರ್ದರ್, ಅಳತೆಗೆ ಸಿಗದ ಮುಂದುವರಿಕೆಗೆ ಫರ್ದರ್. ದೆಹಲಿಯಿಂದ ಹೊರಟವರಿಗೆ ಆಗ್ರಾಕ್ಕಿಂತ ಗ್ವಾಲಿಯರ್ ಫಾರ್ದರ್; ಚರ್ಚೆ, ವಿಚಾರಣೆ, ವಿವರಣೆಗಳೆಲ್ಲ ಫರ್ದರ್.

ಈ ಸೂತ್ರಕ್ಕೆ ಭಾಷೆಯ ಚರಿತ್ರೆ ಪೂರ್ತಿಯಾಗಿ ಒಪ್ಪುವುದಿಲ್ಲ. ಎರಡರಲ್ಲಿ ಹಿರಿಯದು ಫರ್ದರ್. ಹಳೆಯ ಇಂಗ್ಲಿಷಿನಲ್ಲಿಯೇ ಇದ್ದ ಈ ಪದವು, ನಾವು ಊಹಿಸುವಂತೆ, ದೂರ ಎಂಬರ್ಥದ ‘ಫಾರ್’ನಿಂದ ಹುಟ್ಟಿದ್ದಲ್ಲ, ಮುಂದಕ್ಕೆ ಎಂಬರ್ಥದ ‘ಫೋರ್ತ್’ನ ಬಳಗಕ್ಕೆ ಸೇರಿದ್ದು. ಫಾರ್ದರ್ ಎಂಬುದು ಮಧ್ಯಕಾಲದ ಇಂಗ್ಲಿಷಿನಲ್ಲಿ ಅದರ ರೂಪಾಂತರವಾಗಿ ಕಾಣಿಸಿಕೊಂಡು, ಕ್ರಮೇಣ ‘ಫಾರ್’ನ ನಂಟನ್ನು ಪಡೆಯಿತು. ‘ಫಾರ್’ಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ‘ಫಾರರ್’ ಎಂಬ ರೂಪ ಬಳಕೆಯಿಂದ ಜಾರಿಹೋಯಿತು. ಹದಿನೆಂಟನೆಯ ಶತಮಾನದ ಗದ್ಯದಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಬರುತ್ತದೆ. ಬ್ರಿಟಿಷರು ಇಂದಿಗೂ ನೆಲದ ದೂರಕ್ಕೆ ಫರ್ದರ್ ಎನ್ನುವುದುಂಟು. ಭೇದವನ್ನು ಪಾಲಿಸಿರೆಂದು ಹೆಚ್ಚು ಒತ್ತಿ ಹೇಳುವವು ಅಮೆರಿಕದ ಶೈಲಿ ಕೈಪಿಡಿಗಳು.

ಕೇಂದ್ರ ಸರ್ಕಾರದ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಫರ್ದರ್ ಇಲ್ಲದ ಹಾಳೆ ಅಪರೂಪ. ‘ಅನ್‌ಟಿಲ್ ಫರ್ದರ್ ಆರ್ಡರ್ಸ್’ ಎಂಬುದು ಹಿಂದಿಯಲ್ಲಿ ‘ಅಗಲೇ ಆದೇಶ್ ತಕ್’, ಕನ್ನಡದಲ್ಲಿ ‘ಮುಂದಿನ ಆದೇಶದವರೆಗೆ’. ಎರಡೂ ಭಾಷೆಗಳ ಅನುವಾದಕರು ದೂರದ ಮಾತನ್ನೇ ಎತ್ತದೆ ‘ಮುಂದೆ’ಯನ್ನು ಆರಿಸಿಕೊಂಡಿದ್ದಾರೆ. ಆ ಪದದ ಬೇರು ಇರುವುದೂ ಅಲ್ಲಿಯೇ.

ಕನ್ನಡದಲ್ಲಿ ಇಂಥ ಹೋಲಿಕೆಗೆ ಪ್ರತ್ಯೇಕ ಪ್ರತ್ಯಯವಿಲ್ಲ. ‘ಅದಕ್ಕಿಂತ ದೂರ’ ಎನ್ನುತ್ತೇವೆ, ಇಲ್ಲವೆ ‘ಇನ್ನೂ ದೂರ’ ಎನ್ನುತ್ತೇವೆ. ‘ಇನ್ನೂ’ ಎಂಬುದರಲ್ಲಿ ‘ಹೆಚ್ಚು’ ಎಂಬ ಅರ್ಥದ ಜೊತೆಗೆ ‘ಈವರೆಗೂ’ ಎಂಬ ಅರ್ಥವೂ ಇದೆ. ‘ಊರು ಇನ್ನೂ ದೂರ ಇದೆ’ ಎಂದಾಗ ನಾವು ಎಣಿಸುವುದು ಉಳಿದಿರುವ ದಾರಿಯನ್ನು. ಹೊರಟವನು ತಲುಪಿಯೇ ತಲುಪುತ್ತಾನೆಂಬ ನಂಬಿಕೆ ಆ ಮಾತಿನೊಳಗೇ ಇದೆ.

ಹೊರನಾಡಿನಲ್ಲಿ ಬದುಕುವವರಿಗೆ ಈ ಎರಡು ಬಗೆಯ ದೂರಗಳು ಒಂದೇ ಅಲ್ಲವೆಂಬುದು ಬೇಗ ತಿಳಿಯುತ್ತದೆ. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ಎರಡೂ ಒಂದೇ ಜಿಲ್ಲೆಯಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಮೈಲಿಗಲ್ಲುಗಳು ಕದಲಲಿಲ್ಲ; ಆದರೆ ಒಂದು ಊರಿನ ಅರ್ಜಿಗಳು ಬೆಂಗಳೂರಿಗೂ ಇನ್ನೊಂದರವು ತಿರುವನಂತಪುರಕ್ಕೂ ಹೋಗತೊಡಗಿದವು. ಫಾರ್ದರ್ ಆಗದೆಯೇ ಫರ್ದರ್ ಆಗುವುದೆಂದರೆ ಇದೇ.

ಬೆಂಗಳೂರಿನಿಂದ ದೆಹಲಿಗೆ ರೈಲುದಾರಿ ಸುಮಾರು 2,400 ಕಿಲೋಮೀಟರ್. ವಿಮಾನ ಅದನ್ನು ಮೂರು ಗಂಟೆಯೊಳಗೆ ಮುಗಿಸುತ್ತದೆ. ಆದರೆ ಊರಿನಿಂದ ಫೋನು ಮಾಡಿದ ಅಜ್ಜಿ ‘ಊಟ ಆಯ್ತೇನೋ ಮರೀ?’ ಎಂದಾಗ ಮೊಮ್ಮಗ ‘ಖಾ ಲಿಯಾ’ ಎಂದು ಉತ್ತರಿಸಿದರೆ, ಆ ಎರಡು ಮಾತುಗಳ ನಡುವಿನ ದೂರವನ್ನು ಯಾವ ವಿಮಾನವೂ ಕಡಿಮೆ ಮಾಡಲಾರದು. ಅಜ್ಜಿಗೆ ಅರ್ಥವಾಗದೆ ಇರುವುದಿಲ್ಲ. ಆದರೆ ಆಕೆ ಮುಂದಿನ ಪ್ರಶ್ನೆ ಕೇಳಲು ತುಸು ಹಿಂಜರಿಯುತ್ತಾಳೆ. ಮತ್ತೊಂದು ವರ್ಷ ಕಳೆದರೆ ‘ಅಮ್ಮನಿಗೆ ಕೊಡು’ ಎಂದಷ್ಟೇ ಹೇಳುತ್ತಾಳೆ. ನಮ್ಮ ಸರ್ಕಾರಿ ವಸತಿಗೃಹಗಳಲ್ಲಿ ಇದು ಒಂದು ಮನೆಯ ಕಥೆಯಲ್ಲ. ಚೆನ್ನೈ, ಪುಣೆ, ಹೈದರಾಬಾದುಗಳಲ್ಲಿಯೂ ಉತ್ತರದ ಭಾಷೆಯಷ್ಟೇ ಬೇರೆ.

ನೆಲದ ದೂರ ನಮ್ಮ ಕೈಯಲ್ಲಿಲ್ಲ. ಅದನ್ನು ವರ್ಗಾವಣೆಯ ಆದೇಶ ನಿರ್ಧರಿಸುತ್ತದೆ, ಮುಂದಿನ ಆದೇಶದವರೆಗೆ. ಎರಡನೆಯ ದೂರ ಮಾತ್ರ ನಮ್ಮ ಊಟದ ತಟ್ಟೆಯ ಸುತ್ತ, ಮಕ್ಕಳೊಡನೆ ನಾವಾಡುವ ಮಾತಿನಲ್ಲಿ, ದಿನದಿನವೂ ತೀರ್ಮಾನವಾಗುತ್ತದೆ.

ಇಲ್ಲಿ ಇಂಗ್ಲಿಷಿನ ಇನ್ನೊಂದು ಬಳಕೆ ನೆನಪಿಗೆ ಬರುತ್ತದೆ. ಫಾರ್ದರ್ ಕ್ರಿಯಾಪದವಾಗಿ ಬಳಕೆಯಲ್ಲಿಲ್ಲ, ಫರ್ದರ್ ಇದೆ. ‘ಟು ಫರ್ದರ್’ ಎಂದರೆ ಒಂದು ಕೆಲಸಕ್ಕೆ ನೆರವಾಗಿ ಅದನ್ನು ಮುಂದಕ್ಕೆ ಒಯ್ಯುವುದು. ದೂರ ಸರಿಯುವುದನ್ನು ಹೇಳುವ ಪದವೇ ಮುಂದುವರಿಸುವುದನ್ನೂ ಹೇಳುತ್ತದೆ. ಊರಿನಿಂದ ಇಷ್ಟು ದೂರ ಬಂದ ನಾವು ಆ ಪದದ ಎರಡು ಅರ್ಥಗಳಲ್ಲಿ ಯಾವುದನ್ನು ಮಕ್ಕಳಿಗೆ ಬಿಟ್ಟು ಹೋಗುತ್ತೇವೆ ಎಂಬುದು ವ್ಯಾಕರಣದ ಪ್ರಶ್ನೆಯಲ್ಲ. ಇಂದು ರಾತ್ರಿ ಫೋನು ಬಂದಾಗ ಮಗುವಿನ ಪಕ್ಕದಲ್ಲಿ ಕುಳಿತು, ‘ಆಯ್ತಜ್ಜಿ, ನಿಮ್ಮದಾಯ್ತಾ?’ ಎಂಬಷ್ಟು ಮಾತನ್ನು ಹೇಳಿಕೊಟ್ಟರೂ ಉತ್ತರ ಆರಂಭವಾದಂತೆಯೇ.